ಮೂವತ್ತೊಂಬತ್ತನೇ ನಂಬರು

ಆಫೀಸಿನಲ್ಲಿ ಅವಳ ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ‘ಆಗ್ಲೇ ಹೇಳ್ದೆ’. ಯಾವ ಕೆಲಸ ಕೆಟ್ಟರೂ, ಯಾರ ತಲೆಗೆ ಯಾವ ತಪ್ಪು ಸುತ್ತಿಕೊಂಡರೂ, ಕುರ್ಚಿಯನ್ನು ಅರ್ಧ ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, “ನಾನು ಆಗ್ಲೇ ಹೇಳ್ದೆ” ಎನ್ನುವುದು ಅವಳ ರೂಢಿ. ಅವಳು ಹೇಳಿದ್ದು ನಿಜವೂ ಆಗಿರುತ್ತಿತ್ತು, ಜನರ ಮೈ ಉರಿಯುತ್ತಿದ್ದುದು ಅದಕ್ಕೇ. ಹತ್ತು ಸಲದಲ್ಲಿ ಒಂಬತ್ತು ಸಲ ಅವಳದೇ ಸರಿ. ಇದು ಹತ್ತನೆಯ ಸಲದ ಕಥೆ.

ಆ ಆಫೀಸಿನ ಹನ್ನೊಂದು ಜನ ಬೇರೆಯವರ ಕೆಲಸಕ್ಕೆ ವೆಬ್ ಆ್ಯಪ್ ಮಾಡಿಕೊಡುತ್ತಿದ್ದರು. ಆ ಬೇರೆಯವರು ಕೆಲಸ ಮಾಡುವುದು ಹೇಗೆ ಎಂದು ಎದ್ದು ಹೋಗಿ ನೋಡುವ ಅಭ್ಯಾಸ ಮಾತ್ರ ಒಬ್ಬರಿಗೂ ಇರಲಿಲ್ಲ. ಯಜಮಾನರನ್ನು ಎಲ್ಲರೂ ಗ್ರಾಫ್ ಸಾಹೇಬರು ಎನ್ನುತ್ತಿದ್ದರು. ಕೈಗೆ ಎರಡು ಅಂಕಿ ಸಿಕ್ಕರೆ ಸಾಕು, ಅವರು ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಮೇಲಕ್ಕೆ ಹೋದರೆ ಚಪ್ಪಾಳೆ, ಕೆಳಕ್ಕೆ ಹೋದರೆ ಮೀಟಿಂಗು. ಅಂಕಿ ಎಲ್ಲಿಂದ ಬಂತು ಎಂದು ಕೇಳಿದವರನ್ನು ಅವರು ಕಣ್ಣರಳಿಸಿ ನೋಡುತ್ತಿದ್ದರು.

ಈ ಸಲ ಬಂದದ್ದು ಒಂದು ಲಾಂಡ್ರಿಯ ಕೆಲಸ. ನಾಲ್ಕು ಆಸ್ಪತ್ರೆಗಳ ಬೆಡ್‌ಶೀಟು, ಗೌನು, ದಿಂಬಿನ ಚೀಲ ಎಲ್ಲ ಒಗೆದು ಕಳಿಸುವ ದೊಡ್ಡ ಲಾಂಡ್ರಿ. ಒಗೆದ ಬಟ್ಟೆಯಲ್ಲಿ ಹರಿದದ್ದು ಎಷ್ಟು, ಚೆನ್ನಾಗಿರುವುದು ಎಷ್ಟು, ಯಾವ ನೌಕರರು ದಿನಕ್ಕೆ ಎಷ್ಟು ನೋಡಿದರು ಎಂಬ ಲೆಕ್ಕ ಅಲ್ಲಿನ ಮ್ಯಾನೇಜರಿಗೆ ಬೇಕಿತ್ತು. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಹಸಿರು ಗುಂಡಿ ಒತ್ತಿದರೆ ಚೆನ್ನಾಗಿದೆ, ಕೆಂಪು ಒತ್ತಿದರೆ ಹರಿದಿದೆ. ಇಷ್ಟೇ ಆ್ಯಪು. ಆದರೆ ಒತ್ತಿದವರು ಯಾರು, ಅವರಿಗೆ ಅಕ್ಷರ ಎಷ್ಟು ದಪ್ಪ ಬೇಕು, ಎಷ್ಟು ಸಲ ಒತ್ತಿದರು ಎಂಬುದನ್ನೆಲ್ಲ ಎಲ್ಲಿ ಇಡುವುದು ಎಂದು ಒಂದು ಇಡೀ ಬೆಳಿಗ್ಗೆ ಚರ್ಚೆ ನಡೆಯಿತು.

“ಎಲ್ಲ ಸರ್ವರ್‌ಗೆ ಹಾಕಿ” ಎಂದರು ಉಗ್ರಾಣಿ. ಅವರು ಡೇಟಾಬೇಸ್ ನೋಡಿಕೊಳ್ಳುವ ಹಿರಿಯರು. ಯಾರು ಏನು ಕೇಳಿದರೂ ಅವರದು ಅದೇ ಉತ್ತರವಾದ್ದರಿಂದ ಆ ಹೆಸರು. “ಪ್ರತಿ ಸಲ ಯಾರು ಅಂತ ಕೇಳಿ, ಒಳಗೆ ಬಿಡಿ, ಕೆಲಸ ಮುಗಿದ ಮೇಲೆ ಹೊರಗೆ ಕಳಿಸಿ.”

ಅವಳು ಮೂಗು ಮುರಿದಳು. “ಸರ್, ಲಾಂಡ್ರಿ ನೆಟ್‌ವರ್ಕ್ ನೋಡಿದೀರಾ? ಪ್ರತಿಯೊಂದಕ್ಕೂ ಸರ್ವರ್‌ಗೆ ಓಡಿದ್ರೆ, ಗುಂಡಿ ಒತ್ತಿದೋರು ಚಹಾ ಕುಡಿದು ವಾಪಸ್ ಬರ್ಬೇಕು. ಕುಕೀ ಅನ್ನೋ ಸಣ್ಣ ಚೀಟೀಲಿ ಇಟ್ರೆ ಹಿಡಿಸೋದೇ ಒಂದು ಚಿಟಿಕೆ, ಅದನ್ನೂ ಪ್ರತಿ ಪುಟಕ್ಕೂ ಹೊತ್ಕೊಂಡು ಓಡಾಡ್ಬೇಕು. ಸೆಷನ್‌ನಲ್ಲಿ ಇಟ್ರೆ ಟ್ಯಾಬ್ ಮುಚ್ಚಿದ ತಕ್ಷಣ ಎಲ್ಲ ಮಾಯ. ಬ್ರೌಸರ್ ಹೊಟ್ಟೇಲೇ ಜಾಗ ಇದೆ. ಅಲ್ಲಿಟ್ರೆ ಯಾರಾದ್ರೂ ಅಳಿಸೋವರೆಗೂ ಕದಲೋದಿಲ್ಲ. ಮೊದಲ ದಿನ ಒಂದ್ಸಲ ನೌಕರರ ನಂಬರ್ ಕೇಳ್ತೀವಿ. ‘ನನ್ನನ್ನು ನೆನಪಿಟ್ಟುಕೋ’ ಅನ್ನೋ ಚೌಕಕ್ಕೆ ನಾವೇ ಟಿಕ್ ಹಾಕಿಟ್ಟಿರ್ತೀವಿ. ಕಾಲು ಗಂಟೆಗೊಂದ್ಸಲ, ಯಾವಾಗ ಯಾವ ಗುಂಡಿ ಒತ್ತಿದ್ರು ಅನ್ನೋ ಪಟ್ಟಿ ಮಾತ್ರ ಆ ನಂಬರಿನ ಹೆಸರಲ್ಲಿ ಸರ್ವರ್‌ಗೆ ಹೋಗುತ್ತೆ. ಮುಗೀತು.”

“ಒಂದೇ ಟ್ಯಾಬ್ಲೆಟ್ಟನ್ನ ಇಬ್ರು ಬಳಸಿದ್ರೆ?” ಎಂದರು ಉಗ್ರಾಣಿ.

“ಒಂದೇ ಹಲ್ಲುಜ್ಜೋ ಬ್ರಷ್ಷನ್ನ ಇಬ್ರು ಬಳಸ್ತಾರಾ ಸರ್?”

ಮೀಟಿಂಗ್ ರೂಮು ಗೊಳ್ಳೆಂದಿತು. ಗ್ರಾಫ್ ಸಾಹೇಬರು ಮೇಜು ತಟ್ಟಿ ನಕ್ಕರು. ಉಗ್ರಾಣಿಯೂ ನಕ್ಕರು, ಹನ್ನೊಂದು ಜನರಲ್ಲಿ ಹತ್ತು ಜನ ನಗುವಾಗ ಇನ್ನೇನು ಮಾಡಿಯಾರು. ಅಲ್ಲಿಗೆ ತೀರ್ಮಾನವಾಯಿತು. ಅಷ್ಟಕ್ಕೇ ಅವಳು ನಿಲ್ಲಿಸಲಿಲ್ಲ. ಪರದೆ ಚೊಕ್ಕವಾಗಿರಬೇಕೆಂದು ಮೂಲೆಯಲ್ಲಿ ಕಾಣುತ್ತಿದ್ದ ನೌಕರರ ನಂಬರನ್ನು ತೆಗೆದುಹಾಕಿದಳು. ಲಾಗೌಟ್ ಗುಂಡಿಯನ್ನು ಮೂರು ಪುಟ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಸರಿಸಿದಳು. ಹಸಿರು, ಕೆಂಪು, ಅಕ್ಷರ ಹಿಗ್ಗಿಸಿ ಕುಗ್ಗಿಸುವ ಒಂದು ಸಣ್ಣ ಚಿಹ್ನೆ, ಅಷ್ಟೇ ಉಳಿಯಿತು. ತಾನು ಮಾಡಿದ ಪರದೆಗಳಲ್ಲೆಲ್ಲ ಇದೇ ಚಂದವೆಂದು ಅವಳಿಗೆ ಅನಿಸಿತು.

ಈಗ ನಾಚಿಕೆಗೇಡಿನ ಸಂಗತಿಗೆ ಬರಬೇಕು. ಆ ಲಾಂಡ್ರಿಗೆ ಹೋಗಿ ನೋಡುವುದು ಹಾಗಿರಲಿ, ಅವಳು ಮನೆಯಲ್ಲಿ ಬಾಯಿ ತೆರೆದು ಒಂದು ಮಾತು ಕೇಳಿದ್ದರೂ ಸಾಕಿತ್ತು. ಅವಳ ಚಿಕ್ಕಮ್ಮ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದುದು ಅದೇ ಲಾಂಡ್ರಿಯಲ್ಲಿ, ಅದೂ ಬಟ್ಟೆ ಪರೀಕ್ಷೆಯ ವಿಭಾಗದಲ್ಲಿ. ತಾಯಿ ತೀರಿಕೊಂಡಾಗ ಎಂಟು ವರ್ಷದವಳಾಗಿದ್ದ ಅವಳನ್ನು ಸಾಕಿದ್ದು, ಓದಿಸಿದ್ದು, ಮೊದಲ ಕಂಪ್ಯೂಟರ್ ಕೊಡಿಸಿದ್ದು ಎಲ್ಲ ಆ ಚಿಕ್ಕಮ್ಮನೇ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಇಂದಿಗೂ ಒಟ್ಟಿಗೇ ಇದ್ದರು.

ಆದರೆ ಆಫೀಸಿನಲ್ಲಿ ಯಾರೋ ಒಂದು ದಿನ ಮನೆಯವರ ಬಗ್ಗೆ ಕೇಳಿದಾಗ ಅವಳು “ಚಿಕ್ಕಮ್ಮ ಆಸ್ಪತ್ರೆ ಲೈನಲ್ಲಿದಾರೆ” ಎಂದಿದ್ದಳು. ಕೇಳಿದವರು ಡಾಕ್ಟರೇ ಇರಬೇಕು ಎಂದುಕೊಂಡರು, ಅವಳು ಅಲ್ಲವೆನ್ನಲಿಲ್ಲ. ಆರು ವರ್ಷ ಆ ಸುಳ್ಳನ್ನು ಚೆನ್ನಾಗಿ ಸಾಕಿದ್ದಳು. ಈಗ ಲಾಂಡ್ರಿಯ ಕೆಲಸ ಆಫೀಸಿಗೆ ಬಂದಾಗ ಅಲ್ಲಿ ಚಿಕ್ಕಮ್ಮನ ಸುದ್ದಿ ಎತ್ತಲಿಲ್ಲ, ಮನೆಯಲ್ಲಿ ಆ್ಯಪಿನ ಸುದ್ದಿ ಎತ್ತಲಿಲ್ಲ. ಎರಡೂ ಕಡೆ ಬಾಯಿಗೆ ಬೀಗ ಹಾಕಿಕೊಂಡು, ನೆಮ್ಮದಿಯಾಗಿ ಕೋಡ್ ಬರೆದಳು.

ಆ್ಯಪು ಶುರುವಾಗಿ ತಿಂಗಳಾಗುವಷ್ಟರಲ್ಲಿ ಗ್ರಾಫ್ ಸಾಹೇಬರಿಗೆ ಹಬ್ಬ. ಪರೀಕ್ಷೆ ವಿಭಾಗದ ಮೂವರು ನೌಕರರ ಪೈಕಿ ಮೂವತ್ತೊಂಬತ್ತನೇ ನಂಬರಿನವರು ದಿನಕ್ಕೆ ಸಾವಿರದ ನೂರು ಬಟ್ಟೆ ನೋಡುತ್ತಿದ್ದರು. ಹನ್ನೊಂದನೇ ನಂಬರಿನವರು ಸೊನ್ನೆ, ಹದಿನೇಳನೇ ನಂಬರಿನವರು ಸೊನ್ನೆ. ಮೂವತ್ತೊಂಬತ್ತನೇ ನಂಬರಿನ ಗೆರೆ ಪರದೆಯ ಮೇಲಂಚಿಗೆ ಮುಟ್ಟುತ್ತಿತ್ತು. ಆ ಮಹಾಸಾಧಕಿ ಊಟಕ್ಕೆ ಏಳುತ್ತಿರಲಿಲ್ಲ, ಬಚ್ಚಲಿಗೆ ಹೋಗುತ್ತಿರಲಿಲ್ಲ, ವಾರದ ರಜೆಯ ದಿನವೂ ಗುಂಡಿ ಒತ್ತುತ್ತಿದ್ದರು. ಅದನ್ನು ನೋಡಿಯಾದರೂ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. “ನೋಡಿ, ಡೇಟಾ ಅಂದ್ರೆ ಇದು. ಯಾರು ಕೆಲಸದವರು, ಯಾರು ಸೋಮಾರಿಗಳು ಅಂತ ಕನ್ನಡಿ ಹಿಡಿದ ಹಾಗೆ ತೋರಿಸುತ್ತೆ” ಎಂದರು ಸಾಹೇಬರು.

ಇನ್ನೊಂದು ತಮಾಷೆಯೂ ಇತ್ತು. ಇದೇ ಮೂವತ್ತೊಂಬತ್ತನೇ ನಂಬರಿನವರು ದಿನಕ್ಕೆ ಹದಿನಾಲ್ಕು ಸಲ ಅಕ್ಷರದ ಗಾತ್ರ ಬದಲಿಸುತ್ತಿದ್ದರು. ಅರ್ಧ ಗಂಟೆ ದಪ್ಪ, ಅರ್ಧ ಗಂಟೆ ಸಣ್ಣ, ಮತ್ತೆ ನಡುವಿನದು, ಮತ್ತೆ ದಪ್ಪ. ಊಟದ ಹೊತ್ತಿನಲ್ಲಿ ಅವಳು ಆ ಪಟ್ಟಿಯನ್ನು ಎಲ್ಲರಿಗೂ ತೋರಿಸಿದಳು. “ಪಾಪ, ಇವರಿಗೆ ಕಣ್ಣು ಅರ್ಧ ಗಂಟೆಗೊಂದು ಥರ ಕಾಣುತ್ತೆ” ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಗ್ರಾಣಿ ಮಾತ್ರ ಡಬ್ಬಿಯ ಮುಚ್ಚಳ ಹಾಕಿಕೊಂಡು ಎದ್ದು ಹೋದರು.

ಮೂರನೇ ತಿಂಗಳ ಕೊನೆಗೆ ಒಂದು ಸಂಜೆ ಚಿಕ್ಕಮ್ಮ ಮನೆಗೆ ಬಂದವರೇ ಒಂದು ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರದ ಹಾಗೆ ನೀರಿನ ಲೋಟ ಇಟ್ಟರು.

“ಓದು. ನಾನು ಮೂರು ಸಲ ಓದಿದೆ. ನೀನು ಓದಿದೋಳು, ನಿನಗೇನಾದ್ರೂ ಬೇರೆ ಅರ್ಥ ಹೊಳೆಯುತ್ತಾ ನೋಡು.”

ಹದಿನೇಳನೇ ನಂಬರಿನ ನೌಕರರು ಕಳೆದ ಮೂರು ತಿಂಗಳಿನಿಂದ ಒಂದೂ ಬಟ್ಟೆಯನ್ನು ಪರಿಶೀಲಿಸಿರುವುದಿಲ್ಲವೆಂದು ಸಿಸ್ಟಮ್‌ನಿಂದ ತಿಳಿದುಬಂದಿದ್ದು, ತಮ್ಮನ್ನು ಕೆಲಸದಿಂದ ಏಕೆ ವಜಾ ಮಾಡಬಾರದೆಂಬುದಕ್ಕೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾಗಿ ಕಾರಣ ನೀಡತಕ್ಕದ್ದು. ಅವಳು ಅದನ್ನು ಓದಿ, ಲೋಟವನ್ನು ಮತ್ತೆ ಅದರ ಮೇಲಿಟ್ಟಳು. ಹದಿನೇಳು. ಆ ಅಂಕಿಯ ಕೆಳಗಿನ ಸೊನ್ನೆಯನ್ನು ಅವಳು ದಿನವೂ ನೋಡಿದ್ದಳು.

“ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳಿದೆ. ವಜಾ ಆದ್ರೆ ಅದೂ ಇಲ್ಲ. ಇಪ್ಪತ್ತಾರು ವರ್ಷ ನೀರಿಗೆ ಬಿದ್ದ ಹಾಗೆ” ಎಂದರು ಚಿಕ್ಕಮ್ಮ. ಅಳುವ ಜಾಯಮಾನ ಅವರದಲ್ಲ. ಸಿಟ್ಟು ಬಂದಾಗ ಮಾತು ಇನ್ನಷ್ಟು ಮೆಲ್ಲಗಾಗುತ್ತಿತ್ತು. “ಯಾವನೋ ಮಹಾನುಭಾವ ಒಂದು ಸ್ಲೇಟು ಕೊಟ್ಟಿದಾನೆ. ಅದರಲ್ಲಿ ನಾನು ಸೊನ್ನೆಯಂತೆ. ಆ ಸ್ಲೇಟನ್ನ ದಿನಾ ಒತ್ತಿ ಒತ್ತಿ ನನ್ನ ಬೆರಳು ಸವೆದಿದೆ.”

“ಸ್ಲೇಟು ಎಷ್ಟಿದೆ ಚಿಕ್ಕಮ್ಮ ಅಲ್ಲಿ?”

“ಎಷ್ಟಿರುತ್ತೆ, ಒಂದು. ಗಾಜಿನ ಮೇಜು ಒಂದು, ಸ್ಲೇಟು ಒಂದು. ಕೆಳಗಿಂದ ಬೆಳಕು ಬರುತ್ತಲ್ಲ, ಅರ್ಧ ಗಂಟೆ ನೋಡಿದ್ರೆ ಕಣ್ಣು ಉರಿಯುತ್ತೆ. ಅದಕ್ಕೆ ಮೂರು ಜನ ಸರದಿ ಮೇಲೆ ಕೂರ್ತೀವಿ. ಒಬ್ಬಳು ನೋಡ್ತಾಳೆ, ಒಬ್ಬಳು ಮಡಿಸ್ತಾಳೆ, ಒಬ್ಬಳು ಕಣ್ಣಿಗೆ ರೆಸ್ಟ್ ಕೊಡ್ತಾಳೆ. ನಾನು ಕೂತಾಗ ಅಕ್ಷರ ದಪ್ಪ ಮಾಡ್ಕೋತೀನಿ. ಆ ಹೊಸಬಳು ಬಂದು ಸಣ್ಣ ಮಾಡ್ತಾಳೆ. ದಿನಾ ಅದೇ ಗೋಳು.”

ಹದಿನಾಲ್ಕು ಸಲ. ಊಟದ ಡಬ್ಬಿಗಳ ನಡುವೆ ಆ ಪಟ್ಟಿ ತೋರಿಸಿ ನಕ್ಕದ್ದು ಅವಳಿಗೆ ನೆನಪಾಯಿತು. ಮೊದಲ ದಿನ ಟ್ಯಾಬ್ಲೆಟ್ಟಿನ ಮುಂದೆ ಯಾರು ಕೂತಿದ್ದರು ಎಂದು ಕೇಳಿದಳು. ಆ ಹೊಸಬಳೇ ಎಂದರು ಚಿಕ್ಕಮ್ಮ. ಆರು ತಿಂಗಳ ಹಿಂದೆ ಸೇರಿದವಳು, ಯಾವಾಗಲೂ ಹಾಡು ಗುನುಗುತ್ತಿರುತ್ತಾಳೆ, ನಂಬರು ಮೂವತ್ತೊಂಬತ್ತು. ಆ ಹುಡುಗಿ ಒಂದು ಸಲ ತನ್ನ ನಂಬರು ಒತ್ತಿದಳು. ಆಮೇಲೆ ಅದು ಯಾರನ್ನೂ ಏನನ್ನೂ ಕೇಳಲೇ ಇಲ್ಲ.

“ಅದು ನಾನೇ ಮಾಡಿದ್ದು ಚಿಕ್ಕಮ್ಮ” ಎಂದಳು ಅವಳು.

ಚಿಕ್ಕಮ್ಮ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. “ಅಂದ್ರೆ, ಯಾರು ಎಷ್ಟು ಕೆಲಸ ಮಾಡ್ತಾರೆ ಅಂತ ಬರೆದಿಡೋ ಯಂತ್ರ ಮಾಡ್ದೆ. ಕೆಲಸ ಮಾಡೋರು ಎಷ್ಟು ಜನ ಇದಾರೆ ಅಂತ ಕೇಳೋಕೆ ಈ ಕೋಣೆಯಿಂದ ಆ ಕೋಣೆಗೆ ಬರೋಕಾಗ್ಲಿಲ್ಲ.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಸರಿ. ಆಗಿದ್ದು ಆಯ್ತು. ಗುರುವಾರ ನೀನೇ ಬಂದು ಹೇಳು. ತಪ್ಪು ಸ್ಲೇಟಿಂದು, ನಮ್ಮದಲ್ಲ ಅಂತ ಒಂದು ಮಾತು ಹೇಳಿದ್ರೆ ಆಯ್ತು.”

“ಬರ್ತೀನಿ. ಖಂಡಿತ ಹೇಳ್ತೀನಿ” ಎಂದಳು. ಆಮೇಲೆ, ಅವಳ ಬುದ್ಧಿಯನ್ನು ಏನೆನ್ನಬೇಕೋ, ಇನ್ನೊಂದು ಮಾತು ಸೇರಿಸಿದಳು. “ಆದ್ರೆ ಅಲ್ಲಿ ನಾವಿಬ್ರು ಒಂದೇ ಮನೆಯೋರು ಅಂತ ಹೇಳೋದು ಬೇಡ ಚಿಕ್ಕಮ್ಮ. ಆಫೀಸಲ್ಲಿ ಗೊತ್ತಿಲ್ಲ. ಸ್ವಂತದವರು ಅಂತ ಪರವಹಿಸಿ ಮಾತಾಡ್ತಾಳೆ ಅಂದ್ಕೋತಾರೆ.”

ಈ ಕಾರಣ ಅರ್ಧ ನಿಜ. ಉಳಿದರ್ಧ ಏನೆಂದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು. “ಆಯ್ತಮ್ಮ, ಹಾಗೇ ಆಗ್ಲಿ” ಎಂದು ಕೈಕಾಲು ತೊಳೆಯಲು ಹೋದರು.

ಗುರುವಾರ ಕಾರಿನಲ್ಲಿ ಗ್ರಾಫ್ ಸಾಹೇಬರು ಅವಳಿಗೆ ಪಾಠ ಹೇಳಿಕೊಟ್ಟರು. “ಸಿಂಪಲ್. ಬಳಕೆದಾರರ ತಪ್ಪು. ಲಾಗೌಟ್ ಮಾಡ್ಬೇಕಿತ್ತು, ಮಾಡಿಲ್ಲ.”

“ಲಾಗೌಟ್ ಗುಂಡಿ ಎಲ್ಲಿದೆ ಅಂತ ನಿಮಗೆ ಗೊತ್ತಾ ಸರ್?”

ಸಾಹೇಬರು ಫೋನು ತೆಗೆದು ಹುಡುಕಿದರು. ಲಾಂಡ್ರಿಯ ಗೇಟು ಬಂದರೂ ಸಿಗಲಿಲ್ಲ. “ಅದಿರ್ಲಿ. ಇನ್ನೂ ಏಳು ಲಾಂಡ್ರಿಯವರು ನಮ್ಮ ಆ್ಯಪ್ ಕೇಳ್ತಿದಾರೆ. ತಪ್ಪು ನಮ್ಮದು ಅನ್ನೋ ಮಾತು ಮಾತ್ರ ಬಾಯಿಂದ ಬರಬಾರದು” ಎಂದು ಫೋನನ್ನು ಜೇಬಿಗಿಳಿಸಿದರು.

ಒಳಗೆ ಕಾಲಿಟ್ಟಾಗ ಹಬೆಯಿಂದ ಅವಳ ಕನ್ನಡಕ ಮಬ್ಬಾಯಿತು. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಆಳೆತ್ತರದ ಯಂತ್ರಗಳು ಗಡಗಡ ತಿರುಗುತ್ತಿದ್ದವು, ಒದ್ದೆ ಬಟ್ಟೆ ತುಂಬಿದ ತಳ್ಳುಗಾಡಿಗಳು ಅಡ್ಡಡ್ಡ ಓಡುತ್ತಿದ್ದವು, ನೆಲವೆಲ್ಲ ಒದ್ದೆ. ಚಿಕ್ಕಮ್ಮನ ಸೀರೆಯಂಚು ದಿನವೂ ಯಾಕೆ ಬಿಳಿಚಿಕೊಂಡಿರುತ್ತದೆ ಎಂದು ಮೂವತ್ತು ದಾಟಿದ ಮೇಲೆ ಅವಳಿಗೆ ಗೊತ್ತಾಯಿತು. ಪರೀಕ್ಷೆಯ ಕೋಣೆ ತೀರಾ ಕೊನೆಗಿತ್ತು. ಕೆಳಗಿನಿಂದ ಟ್ಯೂಬ್‌ಲೈಟು ಉರಿಯುವ ಗಾಜಿನ ಮೇಜು, ಅದರ ಪಕ್ಕ ಕಬ್ಬಿಣದ ತೋಳಿಗೆ ಸ್ಕ್ರೂ ಹಾಕಿ ಬಿಗಿದ ಒಂದೇ ಒಂದು ಟ್ಯಾಬ್ಲೆಟ್, ಮೂರು ಸ್ಟೂಲು. ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದ್ದರೆ ಯಾವ ದಡ್ಡರಿಗೂ ತಿಳಿಯುವಂಥದ್ದು.

ಮ್ಯಾನೇಜರು ಸ್ಟೂಲುಗಳಲ್ಲಿ ಒಂದನ್ನು ತಾವು ಎಳೆದುಕೊಂಡು, ಪ್ರಿಂಟ್ ಮಾಡಿದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರಿಗೆ ಮೂವರು ನಿಂತಿದ್ದರು. ಹನ್ನೊಂದನೇ ನಂಬರಿನ ಹೆಂಗಸನ್ನು ಅಲ್ಲಿ ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ಆಕೆ ಸೊಂಟದ ಮೇಲೆ ಕೈಯಿಟ್ಟಿದ್ದಳು. ಹಾಡು ಗುನುಗುವ ಹೊಸಬಳು ಅವತ್ತು ಗುನುಗುತ್ತಿರಲಿಲ್ಲ. ತಾನು ಮಾಡದ ಕೆಲಸಕ್ಕೆ ಬಹುಮಾನ ಕೊಡುತ್ತೇವೆಂದು ಹೇಳಿದ್ದರಂತೆ, ಅವಳ ಮುಖ ಬಿಳಿಚಿಹೋಗಿತ್ತು. ಚಿಕ್ಕಮ್ಮ ನಡುವೆ ನಿಂತಿದ್ದರು. ಅವರ ಕಣ್ಣು ಬಾಗಿಲಲ್ಲಿದ್ದ ಅವಳ ಮೇಲೆ ಹಾದು, ಗುರುತೇ ಇಲ್ಲದವರ ಮೇಲೆ ಹಾಯುವಂತೆ ಮುಂದೆ ಹೋಯಿತು.

“ಮೂರು ತಿಂಗಳಲ್ಲಿ ಸೊನ್ನೆ. ಇದಕ್ಕೆ ಏನು ಹೇಳ್ತೀರಿ?” ಎಂದರು ಮ್ಯಾನೇಜರು.

ಚಿಕ್ಕಮ್ಮ ಮೂಲೆಗೆ ಹೋಗಿ, ಹೊಲಿಗೆಗೆ ಹೋಗಬೇಕಾದ ಹರಿದ ಶೀಟುಗಳ ರಾಶಿಯಿಂದ ಒಂದು ತೆಕ್ಕೆ ತಂದು ಗಾಜಿನ ಮೇಲೆ ಹಾಕಿದರು. ಒಂದೊಂದರ ಮೂಲೆಯನ್ನೂ ಎತ್ತಿ ಹಿಡಿದರು. ಪ್ರತಿ ಮೂಲೆಯಲ್ಲೂ ಹೆಬ್ಬೆರಳ ಉಗುರಿನಷ್ಟು ಒಂದು ದಾರದ ಗಂಟು.

“ತೂತು ಸಿಕ್ಕಿದೋರು ಗಂಟು ಹಾಕ್ತೀವಿ. ನಂದು ನೀಲಿ. ಇವಳದು ಕೆಂಪು. ಆ ಹುಡುಗಿದು ಹಳದಿ. ಹೊಲಿಗೆಯೋರಿಗೆ ಅನುಮಾನ ಬಂದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿ ಅಂತ. ನಾನು ಸೇರೋ ಮುಂಚೆಯಿಂದ್ಲೂ ಇದೆ ಇದು. ಕುದಿಯೋ ನೀರಲ್ಲಿ ನೂರು ಸಲ ಹಾಕಿದ್ರೂ ಹೋಗೋದಿಲ್ಲ. ಎಣಿಸಿ ಸರ್, ಮೂರು ಬಣ್ಣಾನೂ ಇದೆಯೋ ಇಲ್ವೋ.”

ಇದ್ದವು. ನೀಲಿಯೇ ಎಲ್ಲಕ್ಕಿಂತ ಹೆಚ್ಚು. ಆರು ವರ್ಷ, ಹತ್ತು ವರ್ಷ ಹಳೆಯ ಶೀಟುಗಳಲ್ಲಿ ಒಂದರ ಪಕ್ಕ ಒಂದು ನಾಲ್ಕೈದು ಗಂಟುಗಳೂ ಇದ್ದವು. ಯಾರು ಏನು ಮಾಡಿದರು ಎಂಬ ಇಡೀ ದಾಖಲೆ ಆ ಬಟ್ಟೆಯ ಅಂಚಿನಲ್ಲಿತ್ತು, ಅದನ್ನು ಇಡಲು ಯಾರೂ ಮೀಟಿಂಗು ಮಾಡಿರಲಿಲ್ಲ. ಅವಳು ಬೆರಳು ಚಾಚಿ ಒಂದು ಗಂಟನ್ನು ಮುಟ್ಟಿ ನೋಡಿದಳು.

ಮ್ಯಾನೇಜರು ಮಾತ್ರ ತಲೆಯಾಡಿಸಿದರು. “ದಾರ ಸಿಸ್ಟಮ್‌ನಲ್ಲಿ ಇಲ್ಲವಲ್ಲ ಅಮ್ಮ. ದಾರ ಯಾರು ಬೇಕಾದ್ರೂ ಕಟ್ಟಬಹುದು.”

“ಆ ಗುಂಡಿ ಯಾರು ಬೇಕಾದ್ರೂ ಒತ್ತಬಹುದು ಸರ್. ಒತ್ತಿದ್ದಕ್ಕೇ ನಾನಿಲ್ಲಿ ನಿಂತಿರೋದು.” ಚಿಕ್ಕಮ್ಮ ಅವಳ ಕಡೆ ತಿರುಗಿದರು. “ಇದನ್ನ ಮಾಡಿದೋರು ನೀವೇ ಅಂತೆ. ಹೇಳಿ ಮೇಡಂ. ಸ್ಲೇಟು ಒಂದು, ಜನ ಮೂರು. ಯಾರು ಒತ್ತಿದ್ರು ಅಂತ ನಿಮ್ಮ ಸ್ಲೇಟಿಗೆ ಗೊತ್ತಾಗುತ್ತಾ?”

ಮೇಡಂ ಎಂಬ ಆ ಮಾತು ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಹೇಳಿಕೊಟ್ಟದ್ದೇ ಅವಳು, ಆದರೂ ಬಿದ್ದದ್ದು ಬಿದ್ದಿತ್ತು. ಮ್ಯಾನೇಜರೂ ಅವಳತ್ತ ತಿರುಗಿದರು. “ಹೌದು ಮೇಡಂ, ನೀವೇ ಹೇಳಿ. ಸಿಸ್ಟಮ್ ತಪ್ಪಾ?”

ಗ್ರಾಫ್ ಸಾಹೇಬರು ಕೆಮ್ಮಿದರು.

ತಪ್ಪು ನನ್ನದು ಎನ್ನಲು ಮೂರು ಸೆಕೆಂಡು ಸಾಕು. ಹೋದವಾರವೂ ಯಾರೋ ಕೋಡಿನಲ್ಲಿ ಒಂದು ಅಲ್ಪವಿರಾಮ ಬಿಟ್ಟದ್ದಕ್ಕೆ ಅವರನ್ನು ಅರ್ಧ ಗಂಟೆ ನಿಲ್ಲಿಸಿ ತಪ್ಪೊಪ್ಪಿಸಿದ್ದವಳು ಅವಳು. ಈಗ ನಾಲಿಗೆ ಹೊರಳಲಿಲ್ಲ. ಹೊರಳಿದಾಗ ಬಂದದ್ದು ಬೇರೆ.

“ತಪ್ಪು ಅಂತಲ್ಲ ಸರ್. ಸಿಂಕ್ ಸಮಸ್ಯೆ ಆಗಿದೆ. ಲೋಕಲ್ ಸ್ಟೋರೇಜಿಗೂ ಸರ್ವರಿಗೂ ಸಿಂಕ್ ಆಗುವಾಗ ಐಡೆಂಟಿಟಿ ಮ್ಯಾಪಿಂಗಲ್ಲಿ ವ್ಯತ್ಯಾಸ ಬಂದಿದೆ. ಈ ಮೂರು ತಿಂಗಳ ರಿಪೋರ್ಟನ್ನ ಪರಿಗಣಿಸೋ ಹಾಗಿಲ್ಲ.”

“ಸಿಂಕಾ” ಎಂದರು ಮ್ಯಾನೇಜರು. ಅವರ ಮುಖ ಸಡಿಲವಾಯಿತು. ತಮಗೆ ಅರ್ಥವಾಗದ ಕಾರಣ ಸಿಕ್ಕಿದರೆ ಅವರಿಗೆ ಅದಕ್ಕಿಂತ ದೊಡ್ಡ ಸಮಾಧಾನವಿರಲಿಲ್ಲ. “ಮೊದಲೇ ಹೇಳಬಾರದಿತ್ತಾ. ಸಿಂಕ್ ಅಂದ್ಮೇಲೆ ಯಾರೇನು ಮಾಡೋಕಾಗುತ್ತೆ.” ಹನ್ನೊಂದು, ಹದಿನೇಳು ಎರಡೂ ನಂಬರಿನವರ ನೋಟಿಸುಗಳ ಮೇಲೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಸಹಿ ಹಾಕಿದರು. ಕಣ್ಣೆದುರಿಗಿದ್ದ ಅಷ್ಟು ವರ್ಷದ ಗಂಟುಗಳು ಮಾಡಲಾಗದ್ದನ್ನು ಅವಳ ಒಂದು ಬುರುಡೆ ಮಾಡಿಬಿಟ್ಟಿತ್ತು.

ಗಟ್ಟಿಗಿತ್ತಿ ಅವಳಿಗೆ ಕೈ ಮುಗಿದಳು. ಚಿಕ್ಕಮ್ಮನೂ ಮುಗಿದರು. “ಉಪಕಾರ ಆಯ್ತು ಮೇಡಂ” ಎಂದರು. ಇಡೀ ಕೋಣೆಯಲ್ಲಿ ಸಿಂಕಿನ ಮಾತು ಸುಳ್ಳೆಂದು ಖಚಿತವಾಗಿ ಗೊತ್ತಿದ್ದವರು, ಅವಳನ್ನೂ ಸಾಹೇಬರನ್ನೂ ಬಿಟ್ಟರೆ, ಅವರೊಬ್ಬರೇ.

ಅವತ್ತು ಸಂಜೆ ಅವಳು ಹಗುರಾಗಿ ಮನೆಗೆ ಬಂದಳು. ಕೆಲಸ ಉಳಿಯಿತು, ಪಿಂಚಣಿ ಉಳಿಯಿತು, ಇನ್ನೇನು. ಚಿಕ್ಕಮ್ಮ ಒಲೆಯ ಮುಂದೆ ನಿಂತಿದ್ದವರು ತಿರುಗಿ, “ಬಂದ್ರಾ? ಕೈ ತೊಳ್ಕೊಳ್ಳಿ, ಬಡಿಸ್ತೀನಿ” ಎಂದರು.

ಅವಳು ನಕ್ಕಳು. “ಸಾಕು ಚಿಕ್ಕಮ್ಮ ನಾಟಕ. ಇಲ್ಲಿ ಯಾರಿದಾರೆ?”

“ಯಾರೂ ಇಲ್ಲ. ತಟ್ಟೆ ತಗೊಳ್ಳಿ.”

ಕೋಪ ಎರಡು ದಿನ ಇರುತ್ತದೆ ಎಂದುಕೊಂಡಳು. ಎರಡು ದಿನ ಕಳೆಯಿತು, ವಾರ ಕಳೆಯಿತು. 'ಎದ್ರಾ', 'ಹೊರಟ್ರಾ', 'ಲೇಟಾಗುತ್ತಾ ನಿಮಗೆ'. ಬೈಗುಳವಿಲ್ಲ, ಮುನಿಸಿನ ಮುಖವಿಲ್ಲ, ಊಟದಲ್ಲಿ ಒಂದು ತುತ್ತು ಕಡಿಮೆಯಿಲ್ಲ. ಪಕ್ಕದ ಮನೆಯ ಮಗುವಿಗೂ, ಕೆಳಗಿನ ಬೀಗದವನಿಗೂ 'ನೀನು' ಎನ್ನುವವರು ಎಂಟನೇ ವಯಸ್ಸಿನಿಂದ ತಾವೇ ಸಾಕಿದವಳಿಗೆ ಮಾತ್ರ 'ನೀವು' ಎನ್ನುತ್ತಿದ್ದರು. ಒಂದು ಸಲ ಅವಳು ಅಳುತ್ತಲೇ ಕೇಳಿದಳು, “ಕೆಲಸ ಉಳಿಸಿದೆನಲ್ಲ ಚಿಕ್ಕಮ್ಮ, ಇನ್ನೇನು ಮಾಡ್ಬೇಕಿತ್ತು?” ಚಿಕ್ಕಮ್ಮ ಬಟ್ಟೆ ಮಡಿಸುತ್ತಲೇ ಹೇಳಿದರು: “ನೀವು ಉಳಿಸಿದ್ದು ನಿಜ. ಅದಕ್ಕೇ ಅಲ್ವಾ ಮರ್ಯಾದೆ ಕೊಡ್ತಿರೋದು.”

ಅವಳು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಪ್ರಾಯಶ್ಚಿತ್ತಕ್ಕೆ ಕೂತಳು. ಆ್ಯಪನ್ನು ಬಿಚ್ಚಿ ಮತ್ತೆ ಕಟ್ಟಿದಳು. ನೆನಪಿಟ್ಟುಕೋ ಎಂಬ ಚೌಕವನ್ನು ಕಿತ್ತೆಸೆದಳು. ಚೆನ್ನಾಗಿದೆ, ಹರಿದಿದೆ ಎಂಬ ಹಳೆಯ ಗುಂಡಿಗಳನ್ನು ಕೆಳಕ್ಕೆ ಸರಿಸಿ, ಪರದೆಯ ಮೇಲ್ಭಾಗದಲ್ಲಿ ಅಂಗೈಯಗಲದ ಮೂರು ಗುಂಡಿ ಇಟ್ಟಳು, ನೀಲಿ, ಕೆಂಪು, ಹಳದಿ. ಸ್ಟೂಲಿಗೆ ಬಂದು ಕೂತವರು ತಮ್ಮ ಬಣ್ಣ ಮುಟ್ಟಿದರೆ ಅವರ ಎಣಿಕೆ ಅವರದು, ಅವರ ಅಕ್ಷರದ ಗಾತ್ರ ಅವರದು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ‘ಈಗ ಯಾರು?’ ಎಂದು ಅದೇ ಕೇಳುತ್ತದೆ. ಪ್ರತಿಯೊಬ್ಬರ ಸೆಟ್ಟಿಂಗೂ ಸರ್ವರ್‌ನಲ್ಲಿರುತ್ತದೆ, ನೆಟ್‌ವರ್ಕು ಹೋದಾಗಷ್ಟೇ ಬ್ರೌಸರಿನ ಜೇಬಿನಲ್ಲಿ. ಗ್ರಾಫ್ ಸಾಹೇಬರು ಇದಕ್ಕೆ ‘ಕಲರ್ ಐಡೆಂಟಿಟಿ’ ಎಂದು ಹೆಸರಿಟ್ಟು, ನಮ್ಮ ಹೊಸ ಆವಿಷ್ಕಾರ ಎಂದು ಕರಪತ್ರ ಮಾಡಿಸಿದರು. ದಾರದ ಸುದ್ದಿ ಅದರಲ್ಲಿರಲಿಲ್ಲ. ಉಗ್ರಾಣಿ ಕರಪತ್ರ ಓದಿ, “ಹಲ್ಲುಜ್ಜೋ ಬ್ರಷ್ಷಲ್ಲೂ ಬಣ್ಣ ಬೇರೆ ಬೇರೆ ಇರುತ್ತೆ ಅಲ್ವಾ” ಎಂದಷ್ಟೇ ಹೇಳಿದರು.

ಹೊಸದನ್ನು ಹಾಕಿಕೊಡಲು ಅವಳೇ ಲಾಂಡ್ರಿಗೆ ಹೋದಳು. ಫೋಟೋ ತೆಗೆಯಲು ಗ್ರಾಫ್ ಸಾಹೇಬರೂ ಬಂದರು, ಮ್ಯಾನೇಜರೂ ಬಂದು ನಿಂತರು. ಅವಳು ಬೆಳಿಗ್ಗೆಯಿಂದ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಮೂವರಿಗೂ ತೋರಿಸಿಕೊಟ್ಟಳು. ಗಟ್ಟಿಗಿತ್ತಿ ಕೆಂಪನ್ನು ಒತ್ತಿ ನೋಡಿ ಖುಷಿಪಟ್ಟಳು. ಹೊಸಬಳು ಹಳದಿಯನ್ನು ಒತ್ತಿ, ತನ್ನ ಸಣ್ಣ ಅಕ್ಷರ ಬಂದದ್ದು ನೋಡಿ, ಮೆಲ್ಲಗೆ ಗುನುಗಲು ಶುರುಮಾಡಿದಳು. ಚಿಕ್ಕಮ್ಮ ಗಾಜಿನ ಮೇಲೆ ಬಗ್ಗಿ ತಮ್ಮ ಕೆಲಸ ಮಾಡುತ್ತಲೇ ಇದ್ದರು.

ಗಟ್ಟಿಗಿತ್ತಿ ಅವಳ ಮುಖವನ್ನೇ ನೋಡುತ್ತಿದ್ದವಳು ತಡೆಯಲಾರದೆ ಕೇಳಿದಳು. “ಏನೂ ಅಂದ್ಕೋಬೇಡಿ ಮೇಡಂ. ಈ ಮೂಗು, ಈ ಹುಬ್ಬು ನೋಡಿದ್ರೆ ಥೇಟು ನಮ್ಮ ಅಕ್ಕನ ಥರಾನೇ ಇದೆಯಲ್ಲ. ನೀವು ಅವರ ಕಡೆಯೋರಾ?”

ಗ್ರಾಫ್ ಸಾಹೇಬರು ಫೋನು ಇಳಿಸಿ ನೋಡಿದರು.

“ಹೌದು. ಇವ್ರು ನಮ್ಮ ಚಿಕ್ಕಮ್ಮ” ಎಂದಳು.

ಗುನುಗುವವಳ ಮುಖ ಅರಳಿತು. “ನೋಡಿದ್ರಾ ಎಂಥ ಮನಸ್ಸು. ಆ ಬಾಯ್ಲರ್ ರಿಪೇರಿಗೆ ಬರೋನು ನಮ್ಮನ್ನೆಲ್ಲ ‘ಏಯ್’ ಅಂತಾನೆ. ಮೇಡಂ ಬಾಯ್ತುಂಬ ಚಿಕ್ಕಮ್ಮ ಅಂತಾರೆ.”

“ಅವರು ಚಿಕ್ಕಮ್ಮ ಆದ್ರೆ ನಾನು ದೊಡ್ಡಮ್ಮ” ಎಂದು ಗಟ್ಟಿಗಿತ್ತಿ ನಕ್ಕಳು. ಮ್ಯಾನೇಜರು ನಕ್ಕರು. ಸಾಹೇಬರು, ಜನರ ಜೊತೆ ಹೀಗೆ ಬೆರೀಬೇಕು ಎಂಬಂತೆ ಮೆಚ್ಚುಗೆಯಿಂದ ತಲೆದೂಗಿ ಮತ್ತೆ ಫೋನು ಎತ್ತಿದರು.

“ಅಲ್ಲ, ಕರೆಯೋದಕ್ಕಲ್ಲ. ನಿಜವಾಗ್ಲೂ. ನಮ್ಮಮ್ಮನ ಒಡಹುಟ್ಟಿದ ತಂಗಿ. ನನ್ನನ್ನ ಸಾಕಿದೋರು” ಎಂದಳು ಅವಳು.

ನಗು ನಿಂತಿತು. ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಅವರು ಗಾಜಿನಿಂದ ತಲೆಯೆತ್ತದೆ, ಕೈಯಲ್ಲಿದ್ದ ನೀಲಿ ದಾರದ ತುದಿಯನ್ನು ಹಲ್ಲಿನಿಂದ ಕಡಿದರು.

“ಹಾಗೆ ಅಂತಾರೆ. ಮೇಡಂ ಅವರದು ದೊಡ್ಡ ಮನಸ್ಸು” ಎಂದರು. ಆಮೇಲೆ ಹರಿದಿದೆ ಎಂಬ ಕೆಂಪು ಗುಂಡಿ ಒತ್ತಿ, ಮುಂದಿನ ಶೀಟನ್ನು ಬೆಳಕಿನ ಮೇಲೆ ಎಳೆದುಕೊಂಡು, ತೂತು ಹುಡುಕತೊಡಗಿದರು.